‘ಬೆಳಿ ಚೊಲೋ ಬಂತು’ ಸರಿ, ಯಾತರಿಂದ ಬಂತು?

ಬದಲಿಸುವುದು ಒಂದು, ಅಳೆಯುವುದು ಒಂದು, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಎಂಟನೇ ಕ್ಲಾಸಿನ ಈ ಪಾಠ ಗೊತ್ತಿದ್ದರೆ ಹೊಲದಲ್ಲೂ ಆಫೀಸಿನಲ್ಲೂ ದುಡ್ಡು ಉಳಿಯುತ್ತೆ. ಬೇಕಿರುವುದು ಒಂದು ಹಿಡಿ ಹೆಸರುಕಾಳು, ಸ್ವಲ್ಪ ಉಪ್ಪು ಮತ್ತು ಮೂರು ದಿನದ ತಾಳ್ಮೆ.

ಯಲಬುರ್ಗಾ, ಕುಷ್ಟಗಿ ಕಡೆಯಿಂದ ಬೆಂಗಳೂರಿಗೆ ಬಂದು ಕೆಲಸ ಮಾಡುತ್ತಿರುವ ಯಾರನ್ನಾದರೂ ಕೇಳಿ ನೋಡಿ. ಸುಗ್ಗಿ ಮುಗಿದ ವಾರ ಊರಿನಿಂದ ಇಂಥದ್ದೊಂದು ಫೋನು ಬಂದೇ ಬರುತ್ತೆ.

“ಅಣ್ಣಾ, ಈ ಸಲ ಮೆಕ್ಕಿಜೋಳಕ್ಕ ಹೊಸ ಟಾನಿಕ್ ಹೊಡದ್ವಿ. ಬೆಳಿ ಭಾಳ ಚೊಲೋ ಬಂದೈತಿ. ಮುಂದಿನ ಸಲಾನೂ ಅದನ್ನ ತರೋಣು, ಒಂದಿಷ್ಟು ರೊಕ್ಕ ಹಾಕು.”

ಅಣ್ಣ ರೊಕ್ಕ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿದ ಅಂತಿಟ್ಟುಕೊಳ್ಳಿ.

“ಬೀಜ ಹೋದ ವರ್ಷದ್ದ?”

“ಇಲ್ಲಣ್ಣ, ಈ ಸಲ ಬ್ಯಾರೆ ಕಂಪನಿದು.”

“ಮಳಿ ಹ್ಯಾಂಗಾತು?”

“ಮಳಿ ಈ ಸಲ ಟೈಮಿಗೆ ಸರಿಯಾಗಿ ಬಂತು.”

“ಗೊಬ್ಬರ?”

“ಅದಾ... ಎಕರೆಕ್ಕ ಒಂದು ಚೀಲ ಹೆಚ್ಚಿಗಿ ಹಾಕಿದ್ವಿ.”

ಲೆಕ್ಕ ಹಾಕಿ. ಬೀಜ ಬದಲಾಗಿದೆ, ಮಳೆ ಬದಲಾಗಿದೆ, ಗೊಬ್ಬರ ಬದಲಾಗಿದೆ, ಟಾನಿಕ್ ಹೊಸದಾಗಿ ಸೇರಿದೆ. ನಾಲ್ಕರಲ್ಲಿ ಯಾವುದರಿಂದ ಬೆಳೆ ಚೆನ್ನಾಗಿ ಬಂತು? ತಮ್ಮನಿಗೆ ಗೊತ್ತಿಲ್ಲ, ಅಣ್ಣನಿಗೂ ಗೊತ್ತಾಗಲ್ಲ. ಆದರೆ ಶಹಬ್ಬಾಸ್‌ಗಿರಿ ಸಿಕ್ಕಿದ್ದು ಟಾನಿಕ್ ಬಾಟಲಿಗೆ. ಯಾಕಂದರೆ ಅದಕ್ಕೇ ದುಡ್ಡು ಕೊಟ್ಟಿದ್ದು, ಅದರ ಮೇಲೇ ಹೆಸರು ಬರೆದಿತ್ತು. ಮಳೆಗೆ ಲೇಬಲ್ ಇರಲ್ಲ ನೋಡಿ.

ಮುಂದಿನ ವರ್ಷ ಮಳೆ ಕೈಕೊಟ್ಟಾಗ ಟಾನಿಕ್ ಹೊಡೆದರೂ ಬೆಳೆ ಒಣಗುತ್ತೆ. ಆಗ ‘ಈ ಸಲದ ಮಾಲು ಡೂಪ್ಲಿಕೇಟ್’ ಅನ್ನುವ ಮಾತು ಹುಟ್ಟುತ್ತೆ. ಅದು ನಿಜವೋ ಸುಳ್ಳೋ, ಅದಕ್ಕೂ ಲೆಕ್ಕ ಇಲ್ಲ.

ಈ ಗೊಂದಲಕ್ಕೆ ವಿಜ್ಞಾನದಲ್ಲಿ ಬಹಳ ಸರಳವಾದ ಒಂದು ಮದ್ದು ಇದೆ. ನಾವೆಲ್ಲ ಅದನ್ನು ಶಾಲೆಯಲ್ಲಿ ಓದಿ, ಎರಡು ಮಾರ್ಕಿಗೆ ಉತ್ತರ ಬರೆದು, ಮರೆತಿದ್ದೇವೆ.

ಮೂರು ಕ್ರಿಯಾಪದ ಸಾಕು

ಪ್ರಯೋಗದಲ್ಲಿ ಬದಲಾಗಬಲ್ಲ ಯಾವುದೇ ಸಂಗತಿಗೆ ‘ಚರ’ ಅಂತ ಹೆಸರು. ಪಠ್ಯಪುಸ್ತಕದಲ್ಲಿ ಸ್ವತಂತ್ರ ಚರ, ಅವಲಂಬಿತ ಚರ, ನಿಯಂತ್ರಿತ ಚರ ಅಂತೆಲ್ಲ ಬರುತ್ತೆ. ಹೆಸರು ಕೇಳಿಯೇ ತಲೆ ತಿರುಗಬೇಕಿಲ್ಲ. ಮೂರು ಕ್ರಿಯಾಪದ ನೆನಪಿಟ್ಟುಕೊಳ್ಳಿ.

ಬದಲಿಸು: ನಾವು ಬೇಕಂತಲೇ ಬದಲಿಸುವ ಒಂದೇ ಒಂದು ಸಂಗತಿ. ಇದು ಸ್ವತಂತ್ರ ಚರ.

ಅಳೆ: ಅದರಿಂದ ಏನಾಯಿತು ಅಂತ ನಾವು ಎಣಿಸುವ, ತೂಗುವ, ಅಳೆಯುವ ಸಂಗತಿ. ಇದು ಅವಲಂಬಿತ ಚರ.

ಕಾಯಿ: ಬದಲಾಗದಂತೆ ನಾವು ಕಾವಲು ಕೂರಬೇಕಾದ ಉಳಿದೆಲ್ಲ ಸಂಗತಿಗಳು. ಇವೇ ನಿಯಂತ್ರಿತ ಚರಗಳು. ಮಕ್ಕಳ ಭಾಷೆಯಲ್ಲಿ ಪ್ರಯೋಗದ ‘ಸ್ಥಿರ’ಗಳು.

ಇಲ್ಲಿ ಒಂದು ಗೊಂದಲ ಸಹಜ. ಗಣಿತದಲ್ಲಿ ಪೈ ಒಂದು ಸ್ಥಿರಾಂಕ. ಕೊಪ್ಪಳದಲ್ಲೂ ಅಷ್ಟೇ, ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ. ಪ್ರಯೋಗದ ಸ್ಥಿರಗಳು ಹಾಗಲ್ಲ. ಅವು ತಾವಾಗಿ ಸ್ಥಿರವಾಗಿರಲ್ಲ, ನಾವು ಹಿಡಿದಿಟ್ಟರೆ ಮಾತ್ರ ನಿಲ್ಲುತ್ತವೆ. ಸ್ವಲ್ಪ ಕಣ್ಣು ತಪ್ಪಿಸಿದರೆ ಓಡಿಹೋಗುತ್ತವೆ. ಪ್ರಯೋಗದ ಅರ್ಧ ಕೆಲಸ ಈ ಓಡಿಹೋಗುವವರನ್ನು ಹಿಡಿಯುವುದೇ.

ಉಪ್ಪಿನ ಪ್ರಯೋಗ ಯಾಕೆ?

ಪ್ರಯೋಗಕ್ಕೆ ಏನನ್ನು ಬೇಕಾದರೂ ಆರಿಸಿಕೊಳ್ಳಬಹುದಿತ್ತು. ಉಪ್ಪನ್ನು ಆರಿಸಲು ಕಾರಣ ನಮ್ಮ ಜಿಲ್ಲೆಯ ನೆಲವೇ.

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆದಾಗ ಇದ್ದದ್ದು ನಾಲ್ಕು ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಸೇರಿದವು. ನಾಲ್ಕೂ ಒಂದೇ ಜಿಲ್ಲೆಯವಾದರೂ ಸ್ವಭಾವ ಬೇರೆ ಬೇರೆ. ಮುನಿರಾಬಾದ್ ಬಳಿ ತುಂಗಭದ್ರಾ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಕಡೆ ಭತ್ತದ ಹಸಿರು ಹಾಸುತ್ತೆ. ಅತ್ತ ಕುಷ್ಟಗಿ, ಯಲಬುರ್ಗಾದಲ್ಲಿ ಹೆಚ್ಚಿನವರು ಮುಗಿಲು ನೋಡಿಕೊಂಡೇ ಸಜ್ಜೆ, ಹೆಸರು, ಮೆಕ್ಕೆಜೋಳ, ಕಡಲೆ ಬಿತ್ತುವವರು.

ನೀರು ಬಂದ ಕಡೆ ಸುಖ ಮಾತ್ರ ಬರಲಿಲ್ಲ. ನೀರು ಸತತವಾಗಿ ನಿಂತು, ಬಸಿದು ಹೋಗಲು ದಾರಿಯಿಲ್ಲದ ಕಡೆ ನೆಲ ಜವಳಾಯಿತು. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮೇಲೆ ಉಳಿದ ಕಡೆ ಸವಳಾಯಿತು. ‘ಸವಳು-ಜವಳು’ ಅನ್ನುವ ಜೋಡಿ ಪದ ಕಾಲುವೆ ಕೆಳಗಿನ ಪ್ರತಿ ರೈತನಿಗೂ ಗೊತ್ತು. ಗಂಗಾವತಿಯಲ್ಲಿರುವ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರವು ಇಂಥ ಉಪ್ಪು ಮಣ್ಣಿನ ನಿರ್ವಹಣೆಯ ಬಗ್ಗೆಯೇ ಅಖಿಲ ಭಾರತ ಮಟ್ಟದ ಸಂಶೋಧನಾ ಯೋಜನೆಯ ಭಾಗವಾಗಿ ಕೆಲಸ ಮಾಡುತ್ತಿದೆ.

ಹಾಗಾಗಿ ‘ಉಪ್ಪು ಹೆಚ್ಚಾದರೆ ಬೀಜ ಎಷ್ಟು ಮೊಳಕೆ ಒಡೆಯುತ್ತೆ?’ ಅನ್ನುವುದು ಇಲ್ಲಿ ಹೊಟ್ಟೆಪಾಡಿನ ಪ್ರಶ್ನೆ. ಅದನ್ನೇ ಅಡುಗೆಮನೆಯಲ್ಲಿ ಮಾಡಿ ನೋಡೋಣ. ಮನೆಯಲ್ಲಿ ಹೈಸ್ಕೂಲ್ ಓದುವ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

ಪ್ರಯೋಗ: ಐದು ನೀರು, ಹದಿನೈದು ತಟ್ಟೆ

ಒಂದು ಲೀಟರ್ ಶುದ್ಧ ನೀರಿಗೆ 20 ಗ್ರಾಂ ಪುಡಿ ಉಪ್ಪು ಹಾಕಿ ಕರಗಿಸಿ. ಮನೆಯಲ್ಲಿ ಸಣ್ಣ ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ತೂಗಿಸಿ ತನ್ನಿ. ಇದು ಅತಿ ಉಪ್ಪಿನ ನೀರು.

ಇದರಲ್ಲಿ ಅರ್ಧ ಲೀಟರ್ ತೆಗೆದು, ಅಷ್ಟೇ ಶುದ್ಧ ನೀರು ಬೆರೆಸಿ. ಈಗ ಲೀಟರಿಗೆ 10 ಗ್ರಾಂ ಆಯಿತು. ಅದರಲ್ಲಿ ಅರ್ಧ ತೆಗೆದು ಮತ್ತೆ ಅಷ್ಟೇ ನೀರು ಬೆರೆಸಿದರೆ 5 ಗ್ರಾಂ. ಇನ್ನೊಮ್ಮೆ ಮಾಡಿದರೆ 2.5 ಗ್ರಾಂ. ಐದನೆಯದು ಉಪ್ಪೇ ಇಲ್ಲದ ಶುದ್ಧ ನೀರು.

ಹದಿನೈದು ಸಣ್ಣ ತಟ್ಟೆ ಅಥವಾ ಮುಚ್ಚಳ ಇರುವ ಡಬ್ಬಿ ತೆಗೆದುಕೊಳ್ಳಿ. ಪಾರ್ಸೆಲ್ ಊಟದ ಡಬ್ಬಿ ಆದರೂ ನಡೆಯುತ್ತೆ, ಆದರೆ ಎಲ್ಲ ಒಂದೇ ಅಳತೆಯವಿರಲಿ. ಒಂದೇ ಹಳೇ ಕಾಟನ್ ಪಂಚೆಯಿಂದ ಒಂದೇ ಅಳತೆಯ ತುಂಡು ಕತ್ತರಿಸಿ ಪ್ರತಿ ಡಬ್ಬಿಯಲ್ಲಿ ಹಾಸಿ. ಪ್ರತಿಯೊಂದರಲ್ಲೂ 20 ಹೆಸರುಕಾಳು. ಒಡೆದದ್ದು, ಹುಳುಕು, ತೀರ ಸಣ್ಣದು ಆರಿಸಿ ತೆಗೆಯಿರಿ. ಒಂದೊಂದು ಬಗೆಯ ನೀರಿಗೆ ಮೂರು ಡಬ್ಬಿ. ಪ್ರತಿಯೊಂದಕ್ಕೂ 30 ಮಿಲಿ ನೀರು. ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳ ಚೆನ್ನಾಗಿ ತೊಳೆದು ಬಳಸಬಹುದು. ಮುಚ್ಚಿ, ನಂಬರ್ ಬರೆದು, ಒಂದೇ ಕಪಾಟಿನಲ್ಲಿಡಿ. 24, 48, 72 ಗಂಟೆಗೆ ಎಣಿಸಿ.

ಈಗ ಪೆನ್ನು ತೆಗೆದುಕೊಂಡು ಮೂರು ಕಾಲಂ ಬರೆಯಿರಿ.

ಬದಲಿಸಿದ್ದು: ನೀರಿನಲ್ಲಿರುವ ಉಪ್ಪಿನ ಪ್ರಮಾಣ.

ಅಳೆದದ್ದು: 20 ಕಾಳಿನಲ್ಲಿ ಎಷ್ಟು ಮೊಳಕೆ ಬಂದವು.

ಕಾಯ್ದದ್ದು: ಕಾಳಿನ ಜಾತಿ, ಒಂದೇ ಪ್ಯಾಕೆಟ್, ಕಾಳಿನ ಸಂಖ್ಯೆ, ನೀರಿನ ಅಳತೆ, ನೀರಿನ ಮೂಲ, ಡಬ್ಬಿ, ಬಟ್ಟೆ, ಜಾಗ, ಬೆಳಕು, ಸೆಕೆ, ಎಣಿಸುವ ಸಮಯ, ಉಪ್ಪಿನ ಬ್ರ್ಯಾಂಡು.

ಮೂರನೇ ಕಾಲಂ ಎಷ್ಟು ಉದ್ದ ಇದೆ ನೋಡಿದಿರಾ? ಒಳ್ಳೆಯ ಪ್ರಯೋಗದ ಗುರುತೇ ಅದು.

ಉಪ್ಪಿಲ್ಲದ ಆ ಮೂರು ಡಬ್ಬಿಗಳಿಗೆ ‘ಹೋಲಿಕೆಯ ಗುಂಪು’ ಅನ್ನುತ್ತಾರೆ. ನಿಯಂತ್ರಿತ ಚರ ಬೇರೆ, ಹೋಲಿಕೆಯ ಗುಂಪು ಬೇರೆ. ಪರೀಕ್ಷೆಯಲ್ಲಿ ಮಕ್ಕಳು ಹೆಚ್ಚಾಗಿ ತಡವರಿಸುವುದು ಇಲ್ಲೇ. ಮೊದಲನೆಯದು ಎಲ್ಲ ಡಬ್ಬಿಗೂ ಸಮಾನವಾಗಿರುವ ಸಂಗತಿ. ಎರಡನೆಯದು ಉಪ್ಪೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಕ್ಕಿದ ಡಬ್ಬಿ. ಅದಿಲ್ಲದಿದ್ದರೆ, 10 ಗ್ರಾಂ ಡಬ್ಬಿಯಲ್ಲಿ ಕಾಳು ಮೊಳೆಯದಿದ್ದಾಗ ಉಪ್ಪನ್ನು ಬೈಯಬೇಕೋ ಅಂಗಡಿಯವನು ಕೊಟ್ಟ ಹಳೇ ಕಾಳನ್ನು ಬೈಯಬೇಕೋ ತಿಳಿಯಲ್ಲ.

ಕಣ್ಣಿಗೆ ಬೀಳದ ನಾಲ್ವರು

ಪಟ್ಟಿ ಬರೆಯುವುದು ಸುಲಭ, ಕಾಯುವುದು ಕಷ್ಟ. ಈ ಪ್ರಯೋಗದಲ್ಲಿ ನಾಲ್ಕು ಚರಗಳು ಸದ್ದಿಲ್ಲದೆ ಜಾರಿಕೊಳ್ಳುತ್ತವೆ.

ಒಂದು, ನೀರು. ಕೊಪ್ಪಳ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು, ಇತರ ಲವಣಗಳೂ ಇರುತ್ತವೆ. ಆ ನೀರು ಬಳಸಿದರೆ ನಿಮ್ಮ ‘ಸೊನ್ನೆ’ ಡಬ್ಬಿ ಸೊನ್ನೆಯೇ ಅಲ್ಲ. ಊರಲ್ಲಿ ಮಾಡುವವರು ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಉಪ್ಪುನೀರು ಮಾಡಲೂ ಅದೇ, ಹೋಲಿಕೆಯ ಡಬ್ಬಿಗೂ ಅದೇ.

ಎರಡು, ಆವಿ. ಇದು ಎಲ್ಲಕ್ಕಿಂತ ಮಜವಾದದ್ದು. 30 ಮಿಲಿ ನೀರಿನಲ್ಲಿ ಅರ್ಧ ಆವಿಯಾಗಿ ಹೋಯಿತು ಅನ್ನಿ. ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಕೂತಿದೆ. ಲೀಟರಿಗೆ 5 ಗ್ರಾಂ ಅಂತ ಚೀಟಿ ಅಂಟಿಸಿದ ಡಬ್ಬಿ ಈಗ 10 ಗ್ರಾಂ ಡಬ್ಬಿ! ಕೊಪ್ಪಳದ ಏಪ್ರಿಲ್ ಸೆಕೆಯಲ್ಲಿ ಮುಚ್ಚಳ ಇಲ್ಲದಿದ್ದರೆ ಇದಕ್ಕೆ ಒಂದು ದಿನ ಸಾಕು. ಅದಕ್ಕೇ ಮುಚ್ಚಳ. ಆದರೂ ಒಣಗಿದರೆ ಮೇಲಿಂದ ಹಾಕಬೇಕಾದದ್ದು ಉಪ್ಪುನೀರಲ್ಲ, ಕಡಿಮೆಯಾದಷ್ಟೇ ಶುದ್ಧ ನೀರು. ಹೊಲ ಸವಳಾಗುವುದೂ ಈ ಡಬ್ಬಿಯ ಲೆಕ್ಕದಲ್ಲೇ. ಕಾಲುವೆ ನೀರಿನಲ್ಲಿ ಉಪ್ಪು ತೀರ ಕಡಿಮೆ ಇದ್ದರೂ, ನೀರು ನಿಂತು, ಆವಿಯಾಗಿ, ಮತ್ತೆ ನಿಂತು, ಮತ್ತೆ ಆವಿಯಾಗಿ ವರ್ಷಾನುಗಟ್ಟಲೆ ಉಪ್ಪು ಕೂಡಿಡುತ್ತೆ. ಬಸಿಗಾಲುವೆ ಇಲ್ಲದ ಹೊಲ ಅಂದರೆ ಮುಚ್ಚಳ ಇಲ್ಲದ ಡಬ್ಬಿ.

ಮೂರು, ಜಾಗ. ಒಂದೇ ಕಪಾಟಾದರೂ ಕಿಟಕಿ ಕಡೆಯದು, ಗ್ಯಾಸ್ ಒಲೆ ಕಡೆಯದು ಅಂತ ವ್ಯತ್ಯಾಸ ಇರುತ್ತೆ. ಮೂರೂ ಉಪ್ಪಿಲ್ಲದ ಡಬ್ಬಿಗಳನ್ನು ಒಂದೇ ಮೂಲೆಗೆ ಇಟ್ಟರೆ ಉಪ್ಪಿನ ಜತೆ ಜಾಗವೂ ಬದಲಾದಂತೆ. ಹದಿನೈದು ಚೀಟಿ ಬರೆದು, ಕಲಸಿ, ಚೀಟಿ ಎತ್ತಿ ಬಂದ ಕ್ರಮದಲ್ಲೇ ಜೋಡಿಸಿ.

ನಾಲ್ಕು, ನೀವು. ‘ಮೊಳಕೆ ಬಂದಿದೆ’ ಅಂದರೆ ಏನು? ಸಿಪ್ಪೆ ಬಿರಿದರೆ ಸಾಕಾ, ಬಿಳಿ ಬೇರು ಕಾಣಬೇಕಾ? ಎಣಿಸುವ ಮುಂಚೆಯೇ ಬರೆದಿಟ್ಟುಕೊಳ್ಳಿ: ಬೇರು ಕನಿಷ್ಠ 2 ಮಿಲಿಮೀಟರ್ ಹೊರಬಂದರೆ ಮಾತ್ರ ಲೆಕ್ಕ. ಇಲ್ಲದಿದ್ದರೆ ಉಪ್ಪಿಲ್ಲದ ಡಬ್ಬಿಯಲ್ಲಿ ಉದಾರವಾಗಿ, ಉಪ್ಪಿನ ಡಬ್ಬಿಯಲ್ಲಿ ಕಟ್ಟುನಿಟ್ಟಾಗಿ ಎಣಿಸುತ್ತೀರಿ. ಗೊತ್ತಿದ್ದು ಮಾಡುವ ಮೋಸ ಅಲ್ಲ ಇದು, ಮನಸ್ಸೇ ಹಾಗೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ನಂಬರ್ ಮಾತ್ರ ತೋರಿಸಿ, ಯಾವುದರಲ್ಲಿ ಎಷ್ಟು ಉಪ್ಪು ಅಂತ ಹೇಳದೆ, ಅವರ ಕೈಲಿ ಎಣಿಸಿ.

ಏನು ಕಾಣುತ್ತೆ, ಏನು ಹೇಳಬಹುದು

ಕಾಳು ಒಳ್ಳೆಯದಿದ್ದರೆ ಉಪ್ಪಿಲ್ಲದ ಡಬ್ಬಿಗಳಲ್ಲಿ ಎರಡು ದಿನದಲ್ಲಿ ಹೆಚ್ಚುಕಡಿಮೆ ಎಲ್ಲ ಕಾಳೂ ಮೊಳೆಯುತ್ತವೆ. ಉಪ್ಪು ಏರಿದಂತೆ ಮೊಳಕೆ ತಡವಾಗುತ್ತೆ, ಕಡಿಮೆಯಾಗುತ್ತೆ. 20 ಗ್ರಾಂ ಡಬ್ಬಿಯಲ್ಲಿ ಮೊಳಕೆ ಕಂಡರೆ ಅಪರೂಪ. ಕಾರಣ ಇಷ್ಟೆ: ಬೀಜ ಮೊಳೆಯಬೇಕಾದರೆ ಮೊದಲು ನೀರು ಕುಡಿಯಬೇಕು. ಸುತ್ತಲಿನ ನೀರಿನಲ್ಲಿ ಉಪ್ಪು ಹೆಚ್ಚಿದ್ದಷ್ಟೂ ಅದರಿಂದ ನೀರು ಎಳೆದುಕೊಳ್ಳುವುದು ಬೀಜಕ್ಕೆ ಕಷ್ಟ. ನೀರಿನಲ್ಲೇ ಕೂತು ಬಾಯಾರಿದ ಹಾಗೆ. ಅದರ ಜತೆಗೆ ಒಳಹೊಕ್ಕ ಉಪ್ಪೂ ಎಳೆ ಬೇರಿಗೆ ವಿಷದಂತೆ ಕಾಡುತ್ತೆ.

ಒಂದು ಸೂಕ್ಷ್ಮ ಗಮನಿಸಿ. ಕಡಿಮೆ ಉಪ್ಪಿನ ಡಬ್ಬಿಗಳಲ್ಲಿ 72 ಗಂಟೆಗೆ ಎಣಿಸಿದರೆ ಮೊಳಕೆಯ ಸಂಖ್ಯೆ ಉಪ್ಪಿಲ್ಲದ ಡಬ್ಬಿಗೆ ಹತ್ತಿರವೇ ಇರಬಹುದು. ‘ಇಷ್ಟು ಉಪ್ಪಿನಿಂದ ತೊಂದರೆ ಇಲ್ಲ ಬಿಡಿ’ ಅನ್ನಿಸುತ್ತೆ. ಈಗ ಸ್ಕೇಲ್ ಹಿಡಿದು ಬೇರಿನ ಉದ್ದ ಅಳೆಯಿರಿ. ಎಣಿಕೆಯಲ್ಲಿ ಕಾಣದ ವ್ಯತ್ಯಾಸ ಅಲ್ಲಿ ಕಾಣಿಸಬಹುದು. ಅಂದರೆ ಏನನ್ನು ಬದಲಿಸಿದೆವು ಅನ್ನುವಷ್ಟೇ, ಏನನ್ನು ಅಳೆದೆವು ಅನ್ನುವುದೂ ಮುಖ್ಯ. ತಪ್ಪು ಅಳತೆ ಆರಿಸಿದರೆ ಇರುವ ಪರಿಣಾಮವೂ ಕಾಣಲ್ಲ.

ಹಾಗೆಯೇ ಈ ಪ್ರಯೋಗ ಹೇಳದಿರುವುದನ್ನೂ ತಿಳಿದಿರಬೇಕು. ಇದು ಹೆಸರುಕಾಳಿನ ಮಾತು, ಭತ್ತದ್ದಲ್ಲ. ಮೊಳಕೆಯ ಮಾತು, ಇಳುವರಿಯದ್ದಲ್ಲ. ಅಡುಗೆ ಉಪ್ಪಿನ ಮಾತು, ಹೊಲದಲ್ಲಿರುವ ಬೇರೆ ಲವಣಗಳದ್ದಲ್ಲ. ಹೊಲದ ಉಪ್ಪು ತಿಳಿಯಬೇಕಾದರೆ ಮಣ್ಣು ಪರೀಕ್ಷೆ ಮಾಡಿಸಬೇಕು. ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ‘ವಿದ್ಯುತ್ ವಾಹಕತೆ’ ಅನ್ನುವ ಸಾಲು ಇರುತ್ತದಲ್ಲ, ಉಪ್ಪಿನ ಸುಳಿವು ಅಲ್ಲಿರುತ್ತೆ. ಸಾಮಾನ್ಯವಾಗಿ ಯಾರೂ ಓದದ ಸಾಲು ಅದು.

ದೊಡ್ಡವರೂ ಎಡವಿದ್ದು, ಗೆದ್ದದ್ದು

ಹದಿನೇಳನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಅನ್ನುವ ವಿಜ್ಞಾನಿ 200 ಪೌಂಡ್ ಒಣ ಮಣ್ಣು ತೂಗಿ ಕುಂಡಕ್ಕೆ ಹಾಕಿ, 5 ಪೌಂಡಿನ ವಿಲ್ಲೋ ಗಿಡ ನೆಟ್ಟ. ಐದು ವರ್ಷ ನೀರು ಬಿಟ್ಟು ಏನೂ ಹಾಕಲಿಲ್ಲ. ಕೊನೆಗೆ ಮರದ ತೂಕ 169 ಪೌಂಡ್ ದಾಟಿತ್ತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. ಮರ ಮಣ್ಣು ತಿಂದು ಬೆಳೆಯುತ್ತೆ ಅನ್ನುವ ನಂಬಿಕೆ ಅಲ್ಲಿಗೆ ಬಿತ್ತು. ಆದರೆ ಅವನು ‘ಹಾಗಾದರೆ ಮರ ಆಗಿದ್ದು ನೀರಿನಿಂದಲೇ’ ಅಂತ ತೀರ್ಮಾನಿಸಿದ. ಗಾಳಿಯೂ ಒಂದು ಚರ ಅನ್ನುವುದು ಅವನ ಪಟ್ಟಿಯಲ್ಲಿ ಇರಲಿಲ್ಲ. ಗಿಡ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಬಳಸುತ್ತೆ ಅಂತ ಗೊತ್ತಾಗಲು ಮುಂದಿನ ಶತಮಾನದ ಕೊನೆ ಬರಬೇಕಾಯಿತು. ಅಷ್ಟು ಶ್ರದ್ಧೆಯಿಂದ ತೂಗಿದವನನ್ನೂ ಪಟ್ಟಿಯಿಂದ ಬಿಟ್ಟುಹೋದ ಒಂದು ಚರ ದಾರಿ ತಪ್ಪಿಸಿತು.

1747ರಲ್ಲಿ ಸಾಲಿಸ್ಬರಿ ಅನ್ನುವ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸ್ಕರ್ವಿ ರೋಗದ 12 ನಾವಿಕರನ್ನು ಆರು ಜೋಡಿ ಮಾಡಿದ. ಎಲ್ಲರಿಗೂ ಒಂದೇ ಜಾಗ, ಒಂದೇ ಊಟ, ರೋಗದ ಸ್ಥಿತಿಯೂ ಆದಷ್ಟು ಒಂದೇ. ಒಂದೊಂದು ಜೋಡಿಗೆ ಒಂದೊಂದು ಮದ್ದು. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ವಿಟಮಿನ್ ಸಿ ಅನ್ನುವ ಹೆಸರೇ ಇಲ್ಲದ ಕಾಲ. ಕಾರಣ ಗೊತ್ತಿಲ್ಲದಿದ್ದರೂ, ಉಳಿದದ್ದನ್ನು ಕಾಯ್ದುಕೊಂಡಿದ್ದರಿಂದ ಮದ್ದು ಯಾವುದು ಅಂತ ಗೊತ್ತಾಯಿತು.

ತಟ್ಟೆಯಿಂದ ಹೊಲಕ್ಕೆ

ಹೊಲದಲ್ಲಿ ಮಳೆ, ಬಿಸಿಲು, ಮಣ್ಣು ಯಾವುದೂ ನಮ್ಮ ಕೈಯಲ್ಲಿಲ್ಲ. ಹಾಗಾದರೆ ಕಾಯುವುದು ಹೇಗೆ? ಉಪಾಯ ಇದೆ. ಸ್ಥಿರವಾಗಿಡಲು ಆಗದ್ದನ್ನು ಎರಡೂ ಕಡೆಗೆ ಸಮನಾಗಿ ಹಂಚಿಬಿಡುವುದು.

ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಬೇಡಿ, ಮಳೆ ಬೇರೆ. ನಿಮ್ಮ ಹೊಲಕ್ಕೂ ಪಕ್ಕದವರ ಹೊಲಕ್ಕೂ ಹೋಲಿಸಬೇಡಿ, ಬಿತ್ತಿದ ದಿನ ಬೇರೆ. ಗಂಗಾವತಿಯ ನೀರಾವರಿ ಹೊಲದಲ್ಲಿ ಗೆದ್ದ ಗೊಬ್ಬರ ಯಲಬುರ್ಗಾದ ಎರೆ ಹೊಲದಲ್ಲೂ ಗೆಲ್ಲುತ್ತೆ ಅಂತ ನಂಬಬೇಡಿ, ಅಲ್ಲಿ ಎಲ್ಲವೂ ಬೇರೆ. ಹೋಲಿಕೆ ಒಂದೇ ಹೊಲದೊಳಗೆ, ಒಂದೇ ಹಂಗಾಮಿನಲ್ಲಿ ಆಗಲಿ.

ಒಂದು ಎಕರೆಯನ್ನು ಉದ್ದಕ್ಕೆ ಎಂಟು ಪಟ್ಟಿ ಮಾಡಿ. ಒಂದೇ ಬೀಜ, ಒಂದೇ ದಿನ, ಒಂದೇ ಕೂರಿಗೆ, ಒಂದೇ ಗೊಬ್ಬರ. ನಾಲ್ಕು ಪಟ್ಟಿಗೆ ಟಾನಿಕ್, ನಾಲ್ಕಕ್ಕೆ ಬರೀ ನೀರು ಸಿಂಪಡಿಸಿ. ಬರೀ ನೀರು ಯಾಕೆ? ಇಲ್ಲದಿದ್ದರೆ ಟಾನಿಕ್ಕಿನ ಜತೆ ಬಿದ್ದ ನೀರೂ ಇನ್ನೊಂದು ಚರ ಆಗುತ್ತೆ. ಯಾವ ಪಟ್ಟಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ನಾವೇ ಆರಿಸಿದರೆ ಒಡ್ಡಿನ ಬದಿಯ ಹಸಿ ಇರುವ ಪಟ್ಟಿಗೇ ಹೊಸ ಔಷಧ ಹೊಡೆಯುವ ಆಸೆ ಆಗುತ್ತೆ. ಕೊಯ್ಲಿನಲ್ಲಿ ಪಟ್ಟಿ ಪಟ್ಟಿಯ ಕಾಳು ಬೇರೆ ಬೇರೆ ತೂಗಿ ಬರೆದಿಡಿ. ತೂಕದ ಸಂಖ್ಯೆ ಮುಂದಿದ್ದರೆ ‘ಚೊಲೋ ಬಂತು’ ಅನ್ನುವ ಮಾತಿಗೆ ಬೇರೆಯದೇ ಬೆಲೆ.

ಚೀಟಿ ಎತ್ತುವ ಈ ವಿಧಾನ ಬಂದದ್ದೂ ಹೊಲದಿಂದಲೇ. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ ಆರ್.ಎ. ಫಿಶರ್, ಅಲ್ಲಿನ ಗೊಬ್ಬರ ಪ್ರಯೋಗಗಳ ಲೆಕ್ಕ ನೋಡುತ್ತಾ ಪಟ್ಟಿಗಳನ್ನು ಚೀಟಿ ಎತ್ತಿದಂತೆ ಹಂಚಬೇಕು, ಪ್ರತಿಯೊಂದನ್ನೂ ಹಲವು ಸಲ ಪುನರಾವರ್ತಿಸಬೇಕು ಅನ್ನುವ ನಿಯಮಗಳನ್ನು ರೂಪಿಸಿದ. ಪ್ರಯೋಗ ವಿನ್ಯಾಸದ ಬಗ್ಗೆ ಅವನ ಪುಸ್ತಕ 1935ರಲ್ಲಿ ಬಂತು. ಇವತ್ತು ನಿಮ್ಮ ಕಂಪನಿಯಲ್ಲಿ ಮಾಡುವ ಎ/ಬಿ ಟೆಸ್ಟಿಂಗ್ ಇದೆಯಲ್ಲ, ಅರ್ಧ ಜನರಿಗೆ ಹಳೇ ಬಟನ್, ಅರ್ಧ ಜನರಿಗೆ ಹೊಸ ಬಟನ್ ತೋರಿಸುವುದು, ಅದರ ತಾಯಿಬೇರು ಆ ಗೊಬ್ಬರದ ಹೊಲದಲ್ಲಿದೆ.

ಮೊಟ್ಟೆಯ ಲೆಕ್ಕ

ನಮ್ಮ ಭಾಗದಲ್ಲೇ ನಡೆದ ಒಂದು ದೊಡ್ಡ ಹೋಲಿಕೆ ನೆನಪಿಸಿಕೊಳ್ಳೋಣ. 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವುದು ಶುರುವಾಯಿತು. ಅದರಿಂದ ಏನಾಯಿತು ಅಂತ ತಿಳಿಯಲು ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು, ಆಗಿನ್ನೂ ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿತು. ಯಾದಗಿರಿ ಮಕ್ಕಳ ತೂಕ ಹೆಚ್ಚು ಏರಿತ್ತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು.

ಮೂರು ಕಾಲಂ ಬರೆದು ನೋಡಿ. ಬದಲಿಸಿದ್ದು ಮೊಟ್ಟೆ-ಬಾಳೆಹಣ್ಣು. ಅಳೆದದ್ದು ತೂಕ. ಕಾಯ್ದದ್ದು? ಇಲ್ಲಿ ಯೋಚಿಸಬೇಕು. ಎರಡು ಜಿಲ್ಲೆಯ ಮನೆಯೂಟ, ಶುರುವಿನ ತೂಕ, ಹೆತ್ತವರ ಗುಳೆ ಹೋಗುವಿಕೆ, ಶಾಲೆಗೆ ಬರುವ ದಿನ ಒಂದೇ ಇರಲ್ಲ. ಶುರುವಿನಲ್ಲಿ ತೀರ ಸೊರಗಿದ ಮಗು ಅದೇ ಊಟಕ್ಕೆ ಬೇಗ ಚೇತರಿಸಿಕೊಳ್ಳಲೂಬಹುದು. ಹಾಗಂತ ಅಧ್ಯಯನ ವ್ಯರ್ಥ ಅಂತಲ್ಲ. ಮಕ್ಕಳನ್ನು ಡಬ್ಬಿಯಂತೆ ಕಪಾಟಿನಲ್ಲಿಡಲು ಆಗಲ್ಲ. ಹೋಲಿಕೆಯ ಗುಂಪೇ ಇಲ್ಲದೆ ‘ಮೊಟ್ಟೆ ಕೊಟ್ಟೆವು, ಮಕ್ಕಳು ಬೆಳೆದರು’ ಅನ್ನುವುದಕ್ಕಿಂತ ಇದು ಎಷ್ಟೋ ಗಟ್ಟಿ. ಬೆಳೆಯುವ ವಯಸ್ಸಿನ ಮಕ್ಕಳು ಮೊಟ್ಟೆ ಇಲ್ಲದೆಯೂ ಒಂದಿಷ್ಟು ತೂಕ ಏರುತ್ತಾರಲ್ಲ! ಆ ‘ಒಂದಿಷ್ಟು’ ಎಷ್ಟು ಅಂತ ಹೇಳಿದ್ದೇ ಗದಗದ ಮಕ್ಕಳು. ಸಾರ್ವಜನಿಕ ಯೋಜನೆಯ ಬಗ್ಗೆ ಜಗಳ ಮಾಡುವಾಗಲೂ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದಕ್ಕೆ ಹೋಲಿಸಿದಿರಿ?

ನಿಮ್ಮ ತಲೆಗೂದಲು, ನಿಮ್ಮ ಸೇಲ್ಸು

ಬೆಂಗಳೂರಿಗೆ ಬಂದ ಮೇಲೆ ಕೂದಲು ಉದುರುತ್ತಿದೆ, ಇಲ್ಲಿನ ನೀರೇ ಸರಿಯಿಲ್ಲ ಅನ್ನುವವರು ಎಷ್ಟು ಜನ! ನೀರು ಬದಲಾಗಿದೆ ನಿಜ. ಜತೆಗೆ ಊಟ, ನಿದ್ದೆ, ವಯಸ್ಸು, ಕೆಲಸದ ಒತ್ತಡ, ಶಾಂಪೂ ಎಲ್ಲವೂ ಬದಲಾಗಿವೆ. ಫಿಲ್ಟರ್ ಹಾಕಿಸಿ, ಎಣ್ಣೆ ಬದಲಿಸಿ, ಮಾತ್ರೆ ನುಂಗಿ ಮೂರನ್ನೂ ಒಂದೇ ತಿಂಗಳು ಶುರುಮಾಡಿದರೆ, ಗುಣವಾದರೂ ಯಾವುದನ್ನು ಮುಂದುವರಿಸಬೇಕು ಗೊತ್ತಾಗಲ್ಲ. ಮೂರಕ್ಕೂ ದುಡ್ಡು ಕಟ್ಟುತ್ತಲೇ ಇರುತ್ತೀರಿ.

ಆಫೀಸಿನಲ್ಲೂ ಅದೇ. ದೀಪಾವಳಿ ವಾರ ಆ್ಯಪಿನ ಮುಖಪುಟ ಬದಲಿಸಿ, ಆ ವಾರವೇ ಆಫರ್ ಬಿಟ್ಟು, ಸೇಲ್ಸ್ ಏರಿದಾಗ ಡಿಸೈನ್ ಟೀಮಿಗೆ ಕೇಕ್ ಕತ್ತರಿಸಿದರೆ, ಕೇಕ್ ತಿನ್ನಬೇಕಾದವರು ದೀಪಾವಳಿಯೋ ಆಫರೋ ಡಿಸೈನೋ ಯಾರು ಬಲ್ಲರು?

ಮುಂದಿನ ಸಲ ಫೋನು ಬಂದಾಗ ಕೇಳಬೇಕಾದ ಐದು

1. ಈ ಸಲ ಏನೇನು ಬದಲಾಯಿತು? ಎಲ್ಲವನ್ನೂ ಬರೆಯಿರಿ, ಮಳೆಯನ್ನೂ ಸೇರಿಸಿ.

2. ಬೇಕಂತಲೇ ಬದಲಿಸಿದ್ದು ಒಂದೇನಾ, ಹೆಚ್ಚಾ?

3. ‘ಚೆನ್ನಾಗಿದೆ’ ಅಂದದ್ದು ಕಣ್ಣಳತೆಯಾ, ತೂಕವಾ?

4. ಅದನ್ನು ಮಾಡದೆ ಬಿಟ್ಟ ಒಂದು ಪಟ್ಟಿ, ಒಂದು ತಟ್ಟೆ, ಒಂದು ಗುಂಪು ಇದೆಯಾ?

5. ಇದು ಒಂದೇ ಸಲ ಆದದ್ದಾ, ಮತ್ತೆ ಮಾಡಿದರೂ ಆಗುತ್ತಾ?

ಐದಕ್ಕೂ ಉತ್ತರ ಸಿಗದಿದ್ದರೆ ಟಾನಿಕ್ ಕೆಟ್ಟದ್ದು ಅಂತ ಅರ್ಥ ಅಲ್ಲ. ಇನ್ನೂ ಗೊತ್ತಿಲ್ಲ ಅಂತ ಅರ್ಥ. ಗೊತ್ತಿಲ್ಲದ ವಸ್ತುವಿಗೆ ಇಡೀ ಹೊಲದ ದುಡ್ಡು ಹಾಕುವ ಬದಲು ನಾಲ್ಕು ಪಟ್ಟಿಯ ದುಡ್ಡು ಹಾಕಿ ನೋಡಿ ಅಂತ ತಮ್ಮನಿಗೆ ಹೇಳಬಹುದು. ಊರಲ್ಲಿ ಹೊಲ ನೋಡಿಕೊಳ್ಳುವವರಿಗೆ ಇದು ಉಪದೇಶದಂತೆ ಕೇಳದಿರಲಿ. ಅವರಿಗೆ ಮಣ್ಣು ಗೊತ್ತು, ಬೆಳೆ ಗೊತ್ತು. ಬಿತ್ತುವ ಮುಂಚೆ ನೂರು ಕಾಳು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿ ಮೊಳಕೆ ನೋಡುವ ರೂಢಿ ಅವರದ್ದೇ ಅಲ್ಲವಾ? ಆ ನೂರರ ಲೆಕ್ಕಕ್ಕೆ ಒಂದು ಹೋಲಿಕೆಯ ಪಟ್ಟಿ ಸೇರಿಸುವುದಷ್ಟೇ ಉಳಿದಿರುವುದು.

ಮುಂಗಾರು ಬಿತ್ತನೆಗೆ ಮುಂಚೆ ಎಂಟು ಚೀಟಿ ಬರೆದಿಡಿ. ಈ ಭಾನುವಾರ ಉಪ್ಪುನೀರಿನ ಡಬ್ಬಿ ಇಟ್ಟವರು ನಿಮ್ಮ ಮೂರು ಕಾಲಮ್ಮಿನ ಪಟ್ಟಿ, ಬಂದ ಸಂಖ್ಯೆ ಎರಡನ್ನೂ ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ. ನಿಮ್ಮ ಮನೆಯಲ್ಲಿ ಕಣ್ಣು ತಪ್ಪಿಸಿ ಓಡಿಹೋದ ಚರ ಯಾವುದು ಅಂತ ಹೇಳಲು ಮಾತ್ರ ಮರೆಯಬೇಡಿ.